ಅರ್ಧ ಗಾಳಿಯ ಕಾರು

ಕಾರು ಗುಬ್ಬಿಗಿಂತ ಆರು ವರ್ಷ ದೊಡ್ಡದು. ಎರಡೇ ಬಾಗಿಲು, ಕಡುಹಸಿರು ಬಣ್ಣ, ಹಿಂದಿನ ಸೀಟಿನಲ್ಲಿ ಬೆಕ್ಕು ಕೂತರೂ ಮುದುರಿಕೊಂಡೇ ಕೂರಬೇಕು. ಮಾರುತ್ತಿದ್ದವರು ಅರಿವಳಿಕೆ ಡಾಕ್ಟರು. ಆಪರೇಷನ್ನಿಗೆ ಮುಂಚೆ ಮದ್ದು ಕೊಟ್ಟು ಮಲಗಿಸುವವರಿರುತ್ತಾರಲ್ಲ, ಅವರು.

"ಊರವರನ್ನೆಲ್ಲ ಮಲಗಿಸಿದ್ದಾಯ್ತು. ನಾನು ಎಚ್ಚರವಾಗಿರಬೇಕಲ್ಲ, ಅದಕ್ಕೆ ಇದನ್ನ ಇಟ್ಕೊಂಡಿದ್ದೆ," ಎಂದು ಅವರೇ ಹೇಳಿ ಅವರೇ ನಕ್ಕರು. ಹೊಸದರಲ್ಲಿ ಕೊಂಡಿದ್ದು. ಬೇರೆಯವರ ಕೈ ಮುಟ್ಟಿಲ್ಲ. ಈಗ ಸೊಂಟ ಬಗ್ಗುವುದಿಲ್ಲ, ಒಳಗೆ ಇಳಿದರೆ ಮೇಲೆ ಬರಲು ಹೆಂಡತಿಯನ್ನು ಕೂಗಬೇಕು. ಆದ್ದರಿಂದ ಮಾರಾಟ.

ಗುಬ್ಬಿ ನನ್ನ ತಂಗಿಯ ಮಗಳು. ಹುಟ್ಟಿದಾಗ ಅಷ್ಟೇ ಇದ್ದಳು, ಸದ್ದು ಮಾತ್ರ ಮನೆ ತುಂಬ. ಈಗ ಇಪ್ಪತ್ತಮೂರು. ಹಲ್ಲು ಕಟ್ಟುವ ಲ್ಯಾಬಿನಲ್ಲಿ ಕೆಲಸ. ಹಲ್ಲಿನ ಡಾಕ್ಟರು ಕಳಿಸಿದ ಅಚ್ಚು ನೋಡಿಕೊಂಡು ಕೃತಕ ಹಲ್ಲು ತಯಾರಿಸುತ್ತಾಳೆ. ಕೂದಲೆಳೆಯಷ್ಟು ಎತ್ತರವಾದರೂ ಕಚ್ಚಿದವರಿಗೆ ಗೊತ್ತಾಗುತ್ತದಂತೆ. ಅಂಥ ಕೈ ಇರುವ ಹುಡುಗಿಗೆ ಇಂಥ ಕಾರಿನ ಮೇಲೆ ಯಾಕೆ ಮನಸ್ಸಾಯಿತು ಎಂದು ಕೇಳಿದರೆ, "ದಿನಾ ಎಂಟು ಗಂಟೆ ಉಸಿರು ಬಿಗಿ ಹಿಡ್ಕೊಂಡು ಕೂತಿರ್ತೀನಿ ಮಾವ, ಎಲ್ಲಾದ್ರೂ ಬಿಡಬೇಕಲ್ಲ," ಅಂದಳು. ಸರಿಯಾಗೇ ಇತ್ತು ಉತ್ತರ.

ಕಾರಿನಲ್ಲಿ ಟರ್ಬೊ ಇದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಂಜಿನ್ನು ಉಗುಳುವ ಹೊಗೆಯನ್ನು ಸುಮ್ಮನೆ ಹೊರಗೆ ಬಿಡದೆ, ಅದರ ರಭಸದಿಂದಲೇ ಒಂದು ಪುಟ್ಟ ಚಕ್ರ ತಿರುಗಿಸಿ, ಎಂಜಿನ್ನಿಗೆ ಹೆಚ್ಚಿಗೆ ಗಾಳಿ ತುರುಕುತ್ತಾರೆ. ಗಾಳಿ ಹೆಚ್ಚಾದಷ್ಟೂ ಕಸುವು ಹೆಚ್ಚು. ಈಗಿನ ಕಾರುಗಳಲ್ಲಿ ಇದೆಲ್ಲ ನಯವಾಗಿ ನಡೆದುಹೋಗುತ್ತದೆ, ಗೊತ್ತೇ ಆಗುವುದಿಲ್ಲ. ಆಗಿನವು ಹಾಗಲ್ಲ. ಕಾಲು ಒತ್ತಿದಿರಿ, ಏನೂ ಇಲ್ಲ. ಇನ್ನಷ್ಟು ಒತ್ತಿದಿರಿ, ಆಗಲೂ ಇಲ್ಲ. ಕೆಟ್ಟಿದೆಯೋ ಏನೋ ಅಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಯಾರೋ ಎರಡೂ ಕಾಲಲ್ಲಿ ಒದ್ದ ಹಾಗೆ ಮುಂದಕ್ಕೆ ಹಾರುತ್ತದೆ. ಆಗ ರಸ್ತೆ ನೆಟ್ಟಗಿದ್ದರೆ ಖುಷಿ. ತಿರುವಿನಲ್ಲಿದ್ದರೆ ನನ್ನ ತಂಗಿಗೆ ಕೆಲಸ.

ತಂಗಿ ದೊಡ್ಡಾಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಇಪ್ಪತ್ತಾರು ವರ್ಷದಿಂದ ಅದೇ ಕೋಣೆ, ಅದೇ ಸೀಸದ ಬಾಗಿಲು. ಬೇರೆಯವರು ಕಾರು ನೋಡಿದರೆ ಬಣ್ಣ ನೋಡುತ್ತಾರೆ, ಇವಳಿಗೆ ತೊಡೆಯ ಮೂಳೆ ಕಾಣುತ್ತದೆ. ಅವಳ ಗಂಡ ಹಡಗಿನಲ್ಲಿ ಅಡುಗೆಯವನು, ವರ್ಷಕ್ಕೆ ಎಂಟು ತಿಂಗಳು ನೀರಿನ ಮೇಲೆ. ಹೀಗಾಗಿ ಆ ಮನೆಯಲ್ಲಿ ಗಂಡಸಿಗೆ ಬೀಳಬೇಕಾದ ಬೈಗುಳವೆಲ್ಲ ಬಹಳ ವರ್ಷದಿಂದ ನನ್ನ ಪಾಲಿಗೆ ಬರುತ್ತಿದೆ. ನಾನೂ ಅಭ್ಯಾಸ ಮಾಡಿಕೊಂಡಿದ್ದೇನೆ.

ನಾನು ನಲವತ್ತು ವರ್ಷ ಗೇರ್‌ಬಾಕ್ಸ್ ಬಿಚ್ಚಿ ಕಟ್ಟಿದವನು. ಮಂಡಿ ಮಾತು ಕೇಳದಂತಾದ ಮೇಲೆ ಗ್ಯಾರೇಜನ್ನು ಪಾಲುದಾರನಿಗೆ ಒಪ್ಪಿಸಿ, ದಿನಾ ಹೋಗಿ ಕುರ್ಚಿ ಬಿಸಿ ಮಾಡಿ ಬರುತ್ತೇನೆ. ಪಾಲುದಾರನಿಗೆ ಮೌನಿ ಅಂತ ಹೆಸರಿಟ್ಟವನೂ ನಾನೇ. ದಿನಕ್ಕೆ ಹತ್ತು ಮಾತಾಡಿದರೆ ಅವನಿಗೆ ಗಂಟಲು ನೋವು. ಅವನು ಉಳಿಸಿದ್ದನ್ನೆಲ್ಲ ನಾನು ಆಡಿ ಮುಗಿಸುತ್ತೇನೆ.

ತಾಯಿ ಮಗಳ ನಡುವೆ ಒಪ್ಪಂದವಾಗಿತ್ತು. ಮಾವ ಹೂಂ ಅಂದರೆ ಕಾರು ಬರುತ್ತದೆ, ಬೇಡ ಅಂದರೆ ಇಲ್ಲ. ನಾನು ಆ ಕಾರನ್ನು ಒಂದು ಗಂಟೆ ಓಡಿಸಿದೆ, ಅಡಿಗೆ ತೂರಿ ನೋಡಿದೆ, ಆಮೇಲೆ ಓಣಿಯಲ್ಲೇ ಒಂದು ಸುತ್ತು ಗುಬ್ಬಿಯನ್ನು ಓಡಿಸಲು ಕೂರಿಸಿ ಪಕ್ಕದಲ್ಲಿ ಕೂತೆ. ಕಾರು ಚಿನ್ನದಂಥದ್ದು. ಹುಡುಗಿ ಓಡಿಸುವುದೂ ಚೆನ್ನಾಗಿಯೇ. ಆದರೆ ಅವಳ ಕಾಲು ಅವಸರದ್ದು. ಒತ್ತಿದ್ದಕ್ಕೆ ಜವಾಬು ಬರದಿದ್ದರೆ ಕಾಯುವುದಿಲ್ಲ, ಇನ್ನೊಂದಿಷ್ಟು ಒತ್ತುತ್ತಾಳೆ.

ಅಡುಗೆಮನೆಯಲ್ಲಿ ತಂಗಿ ಬಾಗಿಲು ಮುಂದೆ ಮಾಡಿಕೊಂಡು ಕೇಳಿದಳು. "ಏನನ್ಸುತ್ತೆ? ನಿಜ ಹೇಳು."

"ಇನ್ನೆರಡು ವರ್ಷ ಕಳೀಲಿ ಅನ್ಸುತ್ತೆ."

"ಎರಡು ವರ್ಷ ಕಾಯ್ತಾಳಾ ಅವಳು? ನೀನು ಬೇಡ ಅಂದ್ರೆ ನಿನ್ನ ಮುಖ ನೋಡಲ್ಲ, ಆಮೇಲೆ ಯಾವನ ಹತ್ರಾನೋ ಇನ್ನೊಂದು ಡಬ್ಬ ತಗೊಂಡು ಬರ್ತಾಳೆ. ಅದಕ್ಕೆ ಬ್ರೇಕೂ ಇರಲ್ಲ."

"ಮತ್ತೆ ಏನ್ಮಾಡ್ಬೇಕು ಮಾರಾಯ್ತಿ?"

"ಹೂಂ ಅನ್ನು. ಆದ್ರೆ ಅದರ ಕೊಬ್ಬು ಇಳಿಸು. ನಿಂಗೆ ಬರುತ್ತಲ್ಲ? ಅವಳಿಗೆ ಹೇಳ್ಬೇಡ."

ನಾನು ಎರಡು ನಿಮಿಷ ಯೋಚನೆ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆಗಲೇ ಒಪ್ಪಿಕೊಂಡೆ. ಹೊರಗೆ ಬಂದು ಹೂಂ ಅಂದೆ. ಗುಬ್ಬಿ ನನ್ನ ಬೋಳುತಲೆಗೆ ಮುತ್ತು ಕೊಟ್ಟಳು.

ಕೊಬ್ಬು ಇಳಿಸುವುದು ಸುಲಭ. ಟರ್ಬೊದಲ್ಲಿ ಗಾಳಿ ಮಿತಿ ಮೀರದ ಹಾಗೆ ಹೊಗೆಯನ್ನು ಪಕ್ಕಕ್ಕೆ ಬಿಡುವ ಒಂದು ಪುಟ್ಟ ಬಾಗಿಲಿರುತ್ತದೆ. ಅದನ್ನು ಎಳೆಯುವುದಕ್ಕೆ ಬೆರಳುದ್ದದ ಒಂದು ಕಡ್ಡಿ, ಕಡ್ಡಿಯ ತುದಿಗೆ ನಟ್ಟು. ನಟ್ಟು ಸಡಿಲಿಸಿ ಕಡ್ಡಿ ಉದ್ದ ಮಾಡಿದರೆ ಬಾಗಿಲು ಬೇಗ ತೆರೆದುಕೊಳ್ಳುತ್ತದೆ, ಗಾಳಿ ಅರ್ಧಕ್ಕೆ ನಿಲ್ಲುತ್ತದೆ. ಕೊಂಡು ನೇರವಾಗಿ ಸರ್ವೀಸಿಗೆಂದು ಕಾರು ಗ್ಯಾರೇಜಿಗೆ ಬಂದ ದಿನ ಮೌನಿ ಆರು ಸುತ್ತು ಬಿಚ್ಚಿದ. ಬಿಚ್ಚುವಾಗ ಮೂರು ಮಾತಾಡಿದ. "ಮುಳ್ಳು ಇದೆಯಲ್ಲ ಆದ್ರೆ?"

ಹೌದು, ಡ್ಯಾಶ್‌ಬೋರ್ಡಿನಲ್ಲಿ ಗಾಳಿಯ ಒತ್ತಡ ತೋರಿಸುವ ಮೀಟರು ಇತ್ತು. ಅದರ ಮುಳ್ಳು ಇನ್ನು ಅರ್ಧಕ್ಕಿಂತ ಮೇಲೆ ಏಳುವುದಿಲ್ಲ. ಕಾರು ಕೊಡುವಾಗ ಗುಬ್ಬಿಗೆ ಹೇಳಿದೆ, "ಆ ಮೀಟರ್ ನಂಬಬೇಡ. ಮೂವತ್ತು ವರ್ಷದ್ದು, ಮುಳ್ಳಿಗೆ ಮುಪ್ಪು ಹಿಡಿದಿದೆ." ಅವಳು ಹೂಂ ಅಂದಳು. ಮಾವ ಹೇಳಿದ ಮೇಲೆ ಮುಗಿಯಿತು.

ಎಂಟು ತಿಂಗಳು ಎಲ್ಲರೂ ಸುಖವಾಗಿದ್ದೆವು. ಗುಬ್ಬಿ ದಿನಾ ಆ ಕಾರಿನಲ್ಲೇ ಲ್ಯಾಬಿಗೆ ಹೋದಳು. ತಂಗಿ ರಾತ್ರಿ ನಿದ್ದೆ ಮಾಡಿದಳು. ಎಲ್ಲಿ ಎಷ್ಟು ಒತ್ತಬೇಕು, ತಿರುವಿನಲ್ಲಿ ಯಾವಾಗ ಬಿಡಬೇಕು ಎಂದು ಹುಡುಗಿಯ ಕಾಲಿಗೆ ಬಾಯಿಪಾಠವಾಯಿತು. ನಾನು ಗ್ಯಾರೇಜಿನಲ್ಲಿ ಕೂತು ಬಂದವರಿಗೆಲ್ಲ ಹೇಳುತ್ತಿದ್ದೆ. ಇಂಥ ಹಳೇ ಕಾರು ಎಳೆಯರಿಗೆ ಒಗ್ಗುತ್ತದೆಯೇ ಅಂತ ಕೇಳುತ್ತೀರಲ್ಲ, ನಮ್ಮ ಗುಬ್ಬಿಯನ್ನು ನೋಡಿ. ಮೌನಿ ಆಗೆಲ್ಲ ಕಾರಿನ ಅಡಿಗೆ ಹೋಗಿಬಿಡುತ್ತಿದ್ದ.

ಆಮೇಲೆ ಒಂದು ಶನಿವಾರ ಗುಬ್ಬಿ ಬಂದಳು, ಕೈಯಲ್ಲಿ ಕರವಸ್ತ್ರದಲ್ಲಿ ಸುತ್ತಿದ ಆ ಮೀಟರು.

"ಮಾವ, ಇದಕ್ಕೆ ಮುಪ್ಪು ಗಿಪ್ಪು ಏನೂ ಇಲ್ಲ."

"ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ನಾನೇ ನೋಡ್ದೆ. ರಿಪೇರಿ ಮಾಡೋಣ ಅಂತ ಬಿಚ್ಕೊಂಡು ಹೋದೆ. ನಮ್ಮ ಲ್ಯಾಬಲ್ಲಿ ಗಾಳಿ ಲೈನ್ ಇದೆಯಲ್ಲ, ಪುಡಿ ಊದೋಕೆ? ಅದಕ್ಕೆ ಒಳ್ಳೇ ಮೀಟರ್ ಇದೆ, ವರ್ಷ ವರ್ಷ ಬಂದು ಪರೀಕ್ಷೆ ಮಾಡಿ ಸೀಲ್ ಹಾಕ್ತಾರೆ. ಇದನ್ನ ಅದಕ್ಕೇ ಸಿಗಿಸಿದೆ. ಅದು ಎಷ್ಟು ತೋರ್ಸುತ್ತೋ ಇದೂ ಅಷ್ಟೇ. ಕೂದಲಷ್ಟೂ ಆಚೀಚೆ ಇಲ್ಲ."

ನಲವತ್ತು ವರ್ಷ ಗ್ಯಾರೇಜು ನಡೆಸಿದವನಿಗೆ ಇದು ಹೊಳೆದಿರಲಿಲ್ಲ. ಹಲ್ಲಿನ ಲ್ಯಾಬಿನಲ್ಲಿ ಗಾಳಿ ಇರುತ್ತದೆ ಎಂದು ಯಾರಿಗೆ ಗೊತ್ತು?

"ಅಂದ್ರೆ?" ಅಂದೆ.

"ಅಂದ್ರೆ ಕಾರಿಗೇ ಹುಷಾರಿಲ್ಲ. ಮುಳ್ಳು ನಿಜ ಹೇಳ್ತಿದೆ, ಗಾಳಿ ಎಲ್ಲೋ ಸೋರ್ತಿದೆ. ಪಾಪ, ಎಂಟು ತಿಂಗಳಿಂದ ಅರ್ಧ ಉಸಿರಲ್ಲಿ ಓಡ್ತಿದೆ ಮಾವ."

ಅಲ್ಲಿ ಹೇಳಿಬಿಡಬೇಕಿತ್ತು. ಮೌನಿ ಕಾರಿನ ಅಡಿಯಿಂದ ತಲೆ ಹೊರಗೆ ಹಾಕಿ ನನ್ನನ್ನೇ ನೋಡಿದ. ನಾನು ಹೇಳಿದ್ದು ಏನು ಗೊತ್ತೇ? "ರಬ್ಬರ್ ಪೈಪುಗಳನ್ನ ನೋಡು."

ಅವಳು ನೋಡಿದಳು. ಮೂರು ಭಾನುವಾರ, ನಮ್ಮ ಗ್ಯಾರೇಜಿನ ಅಂಗಳದಲ್ಲೇ. ಸೋಪಿನ ನೊರೆ ಮಾಡಿ ಒಂದೊಂದು ಪೈಪಿಗೂ ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ಕುಕ್ಕರುಗಾಲಲ್ಲಿ ಕೂತು ಕಾದಳು. ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಲ್ಯಾಬಿನಿಂದ ತಂದು ಎಂಜಿನ್ನಿನ ಹಿಂಭಾಗಕ್ಕೆಲ್ಲ ತೂರಿಸಿ ನೋಡಿದಳು. ಇಲ್ಲದ ರೋಗ ಹುಡುಕುವುದು ಎಷ್ಟು ಕಷ್ಟ ಎಂದು ನನಗೆ ಆಗ ಗೊತ್ತಾಯಿತು, ಕುರ್ಚಿಯಲ್ಲಿ ಕೂತು ನೋಡುವುದಕ್ಕೇ ಕಷ್ಟ. ಸಂಜೆ ಅವಳು ಕೈ ತೊಳೆಯಲು ಹೋದಾಗ ಮೌನಿ ನನ್ನ ಹತ್ತಿರ ಬಂದ.

"ಹೇಳ್ಬಿಡು."

"ತಂಗಿಗೆ ಮಾತು ಕೊಟ್ಟಿದೀನಲ್ಲೋ."

"ಗುಬ್ಬಿಗೆ?"

ಆ ದಿನದ ಹತ್ತು ಮಾತೂ ಖರ್ಚಾದವೋ ಏನೋ, ಮತ್ತೆ ಬಾಯಿ ಬಿಡಲಿಲ್ಲ. ನಿಜ ಹೇಳುತ್ತೇನೆ, ತಂಗಿಗೆ ಕೊಟ್ಟ ಮಾತು ನೆಪ. ಮಾವ ಹೇಳಿದ ಮೇಲೆ ಮುಗಿಯಿತು ಅಂತ ಅವಳು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಳಲ್ಲ, ಅದು ಕೈಬಿಟ್ಟು ಹೋಗುವುದು ನನಗೆ ಬೇಡವಾಗಿತ್ತು.

ನಾಲ್ಕನೆಯ ಭಾನುವಾರ ಅವಳು ಗ್ಯಾರೇಜಿಗೆ ಬರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ನಮ್ಮ ಮನೆಯ ಮುಂದೆಯೇ ಕಾರು ನಿಲ್ಲಿಸಿ ಹಾರ್ನ್ ಹೊಡೆದಳು. ಕೆನ್ನೆಗೆಲ್ಲ ಗ್ರೀಸು, ಕಣ್ಣಲ್ಲಿ ಬೆಂಕಿ.

"ಹತ್ತು ಮಾವ. ಡಾಕ್ಟ್ರ ಮನೆಗೆ ಹೋಗ್ಬೇಕು."

"ಯಾಕೆ, ಹುಷಾರಿಲ್ವಾ?"

"ನಂಗೆ ಹುಷಾರಿದೆ, ಅವರಿಗೆ ಇರಲ್ಲ ಇನ್ಮೇಲೆ. ಸಿಕ್ತು ರೋಗ."

ಹತ್ತಿದೆ. ಕಾರು ಹೊರಟಿತು. ಅವಳು ಒಂದೇ ಉಸಿರಿಗೆ ಹೇಳಿಕೊಂಡು ಹೋದಳು. ಆ ಕಡ್ಡಿ ಸಿಕ್ಕಿತ್ತು. ನಟ್ಟು ಮೂವತ್ತು ವರ್ಷ ಒಂದೇ ಕಡೆ ಕೂತರೆ ಕಡ್ಡಿಯ ತಿರುಪಿನ ಗೀರುಗಳ ಮೇಲೆ ಅದರ ಗುರುತು ಉಳಿಯುತ್ತದೆ. ಅಷ್ಟು ಜಾಗ ಮಾತ್ರ ಹೊಳೆಯುತ್ತದೆ, ಸುತ್ತ ತುಕ್ಕು. ಯಾವ ಹಲ್ಲು ಯಾವುದರ ಮೇಲೆ ಎಷ್ಟು ವರ್ಷ ಉಜ್ಜಿದೆ ಎಂದು ಸವೆತ ನೋಡಿ ಹೇಳುವವಳಿಗೆ ಇದನ್ನು ಓದಲು ಎಷ್ಟು ಹೊತ್ತು? ಹೊಳೆಯುವ ಜಾಗ ಒಂದು ಕಡೆ, ನಟ್ಟು ಇನ್ನೊಂದು ಕಡೆ.

"ಆರು ಸುತ್ತು ಮಾವ! ಯಾರೋ ಬೇಕಂತ್ಲೇ ಬಿಚ್ಚಿದಾರೆ. ಇನ್ಯಾರು, ಅವರೇ. ಬೇರೆಯವರ ಕೈ ಮುಟ್ಟಿಲ್ಲ ಅಂತ ಅವರೇ ಹೇಳಿದ್ರಲ್ಲ. ಎಂಜಿನ್ ಒಳಗೆ ಏನೋ ಕೆಟ್ಟಿರ್ಬೇಕು, ಅದನ್ನ ಮುಚ್ಚೋಕೆ ಗಾಳಿ ಇಳಿಸಿ ನಮ್ಮ ತಲೆಗೆ ಕಟ್ಟಿದಾರೆ. ಬೆಳಿಗ್ಗೆ ಫೋನ್ ಮಾಡಿ ಸರಿಯಾಗಿ ಬೈದೆ. ಮುದುಕ ಏನೂ ಗೊತ್ತಿಲ್ಲದವರ ಥರ ಆಡ್ತಿದಾರೆ."

"ಏನೂಂತ ಬೈದೆ?"

"ಮೋಸಗಾರ ಅಂದೆ. ನಮ್ಮ ಮಾವನ ಕಣ್ಣಿಗೇ ಮಣ್ಣೆರಚಿದ್ರಲ್ಲ ಅಂದೆ."

"ಈಗ ನಟ್ಟು ಎಲ್ಲಿದೆ?" ಎಂದು ಕೇಳಿದೆ.

"ಎಲ್ಲಿರಬೇಕೋ ಅಲ್ಲಿ. ಗುರುತಿಗೆ ಸರಿಯಾಗಿ ಕೂರಿಸಿದೀನಿ."

ಅಂದರೆ ಅರ್ಧ ಗಾಳಿಯಲ್ಲಿ ಕಲಿತ ಕಾಲು, ಪೂರ್ತಿ ಗಾಳಿಯ ಕಾರು. ಓಣಿಯ ಸಂದಿಗೊಂದಿಯಲ್ಲಿ ನಿಧಾನವಾಗಿ ಬಂದಿದ್ದಕ್ಕೆ ಅವಳಿಗೆ ಇನ್ನೂ ಅದರ ರುಚಿ ಹತ್ತಿರಲಿಲ್ಲ.

"ಗುಬ್ಬಿ, ನಿಧಾನ."

"ನಿಧಾನವಾಗೇ ಇದೀನಿ."

"ನಿಧಾನ ಅಂದ್ರೆ ನಿಧಾನ ಕಣೇ. ಇದು ನಿನ್ನ ಕಾರಲ್ಲ ಈಗ."

"ಏನು ಹಾಗಂದ್ರೆ?"

ಅದಕ್ಕೆ ಉತ್ತರ ಹೇಳಬೇಕಾಗಿದ್ದವನು ನಾನು. ಬಾಯಿ ತೆರೆದೆ. ಅಷ್ಟರಲ್ಲಿ ನಾಲ್ಕು ರಸ್ತೆ ಕೂಡುವ ದೊಡ್ಡ ವೃತ್ತ ಬಂತು. ನೀರಿನ ಟ್ಯಾಂಕರೊಂದು ಉದ್ದಕ್ಕೂ ಸೋರಿಕೊಂಡು ಹೋಗಿತ್ತು, ರಸ್ತೆ ಒದ್ದೆ. ವೃತ್ತ ಸುತ್ತಿ ಹೊರಬೀಳುವ ತಿರುವಿನಲ್ಲಿ ಅವಳು ಎಂಟು ತಿಂಗಳಿಂದ ಎಷ್ಟು ಒತ್ತುತ್ತಿದ್ದಳೋ ಅಷ್ಟೇ ಒತ್ತಿದಳು. ಏನೂ ಆಗಲಿಲ್ಲ. ಇನ್ನೊಂದಿಷ್ಟು ಒತ್ತಿದಳು.

ಆಮೇಲಿನದನ್ನು ನಾನು ನೋಡಿದ ಕ್ರಮದಲ್ಲೇ ಹೇಳುತ್ತೇನೆ. ಮೊದಲು ಅಂಗಡಿ ಸಾಲು ಕಂಡಿತು. ಆಮೇಲೆ ವೃತ್ತದ ನಡುವಿನ ಹುಲ್ಲು. ಆಮೇಲೆ ನಾವು ಬಂದ ರಸ್ತೆ. ಆಮೇಲೆ ಒಂದು ಬಸ್ಸಿನ ಮುಖ, ಬಹಳ ದೊಡ್ಡದಾಗಿ. ಕಾರು ಹಿಂದಿನ ಚಕ್ರವನ್ನು ಕಲ್ಲಿನ ಅಂಚಿಗೆ ಆನಿಸಿ ನಿಂತಿತು. ಬಸ್ಸೂ ನಿಂತಿತು. ನಡುವೆ ಒಂದು ಮೊಳ ಜಾಗ.

ಬಸ್ಸಿನ ಡ್ರೈವರು ಕಿಟಕಿಯಿಂದ ಬಗ್ಗಿ ನೋಡಿದ. "ತಿರುಗಿಸ್ಕೊಳ್ಳೋ ಜಾಗ ಮುಂದೆ ಇದೆ ತಾಯಿ. ಇಲ್ಲೇ ಬುಗುರಿ ಆಡ್ಬೇಕಿತ್ತಾ?"

ಗುಬ್ಬಿ ಕೈ ಎತ್ತಿ ತಪ್ಪಾಯಿತು ಎಂದಳು. ಕಾರನ್ನು ಮೆಲ್ಲಗೆ ಪಕ್ಕಕ್ಕೆ ತಂದು, ಮುಚ್ಚಿದ ಅಂಗಡಿಯೊಂದರ ಮುಂದೆ ನಿಲ್ಲಿಸಿದಳು. ಮುಖ ಬಿಳಿಚಿತ್ತು, ಕೈ ಮಾತ್ರ ನಡುಗುತ್ತಿರಲಿಲ್ಲ. ಕೆಲಸದ ಕೈ.

"ನಟ್ಟು ಬಿಚ್ಚಿದ್ದು ಡಾಕ್ಟ್ರಲ್ಲ," ಅಂದೆ.

ಅವಳು ತಿರುಗಿ ನೋಡಲಿಲ್ಲ.

"ಮೌನಿ ಬಿಚ್ಚಿದ್ದು. ನಾನು ಬಿಚ್ಚು ಅಂದಿದ್ದು. ಮೀಟರಿನ ಮಾತೂ ಸುಳ್ಳು."

ಎಂಜಿನ್ನು ತನ್ನ ಪಾಡಿಗೆ ಗುರುಗುಡುತ್ತಿತ್ತು.

"ಮೂರು ಭಾನುವಾರ ಸೋಪು ಹಚ್ಚಿದೆ," ಅಂದಳು. "ನೀವು ಕುರ್ಚಿ ಹಾಕ್ಕೊಂಡು ನೋಡ್ತಿದ್ರಿ."

ಹುಟ್ಟಿದಾಗಿನಿಂದ ನನಗೆ ನೀನು ಎನ್ನುತ್ತಿದ್ದವಳು.

"ಬೇಡ ಅಂದಿದ್ರೆ ಜಗಳ ಆಡ್ತಿದ್ದೆ, ಒಂದು ತಿಂಗಳು ಮಾತು ಬಿಡ್ತಿದ್ದೆ. ಅಷ್ಟೇ ತಾನೇ? ಇಷ್ಟು ಗಾಳಿಗೆ ಇಳಿಸಿದೀನಿ, ಇದನ್ನ ಕಲ್ತ್ಕೋ, ಆಮೇಲೆ ನೋಡೋಣ ಅಂದಿದ್ರೆ ಅದಕ್ಕೂ ಒಪ್ತಿದ್ದೆ. ಎಂಟು ತಿಂಗಳು ನಾನು ಕಲ್ತಿದ್ದು ಯಾವ ಕಾರು? ಈಗ ಆ ಬಸ್ಸಿನವನು ಬ್ರೇಕ್ ಹಾಕದೇ ಇದ್ದಿದ್ರೆ?"

"ನಿನ್ನ ಒಳ್ಳೇದಕ್ಕೇ..."

"ಅಮ್ಮ ಹೇಳಿದ್ದಾ?"

"ಇಲ್ಲ. ನಾನೇ."

ಅವಳು ಕಾರನ್ನು ಗೇರಿಗೆ ಹಾಕಿದಳು. ಡಾಕ್ಟರ ಮನೆಗೆ ಹೋದೆವು, ಎತ್ತಿನ ಗಾಡಿಯ ವೇಗದಲ್ಲಿ. ಬಾಗಿಲಲ್ಲಿ ಅವಳು ಮೊದಲು ಕ್ಷಮೆ ಕೇಳಿದಳು, ಆಮೇಲೆ ಪಕ್ಕಕ್ಕೆ ಸರಿದು ನನ್ನನ್ನು ಮುಂದೆ ಬಿಟ್ಟಳು. ನಾನು ಎಲ್ಲವನ್ನೂ ಹೇಳಿದೆ. ನನ್ನ ಜೀವಮಾನದಲ್ಲಿ ಇಷ್ಟು ಕಡಿಮೆ ಮಾತಿನಲ್ಲಿ ಏನನ್ನೂ ಹೇಳಿದ್ದಿಲ್ಲ. ಡಾಕ್ಟರು ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದರು. ಬೈಯಲಿಲ್ಲ.

"ಸಾವಿರಾರು ಜನಕ್ಕೆ ಮಂಪರು ಕೊಟ್ಟಿದೀನಿ," ಅಂದರು. "ಒಬ್ಬರಿಗೂ ಹೇಳದೆ ಕೊಟ್ಟಿಲ್ಲ."

ಬಾಗಿಲು ಹಾಕಿಕೊಂಡರು. ಜೋರಾಗಿ ಹಾಕಲಿಲ್ಲ. ಹಾಕಿದ್ದರೆ ಚೆನ್ನಾಗಿತ್ತು.

ಗುಬ್ಬಿ ನನ್ನನ್ನು ಮನೆಗೆ ಬಿಟ್ಟು ಹೋದಳು. ನಾನು ತಂಗಿಗೆ ಫೋನ್ ಮಾಡಿ, ನಿನ್ನ ಹೆಸರು ಹೇಳಿಲ್ಲ, ನೀನೂ ಬಾಯಿ ಬಿಡಬೇಡ ಎಂದೆ. ತಂಗಿ ಹೂಂ ಅಂದಳು. ಆಮೇಲೆ ಹೋಗಿ ಮಗಳ ಮುಂದೆ ಎಲ್ಲವನ್ನೂ ಕಕ್ಕಿದಳಂತೆ. ನಮ್ಮ ಮನೆತನದಲ್ಲಿ ಸುಳ್ಳು ಹೇಳುವ ಕಸುಬು ಯಾರಿಗೂ ಪೂರ್ತಿ ಬರುವುದಿಲ್ಲ.

ಮಾರನೆಯ ದಿನ ಲ್ಯಾಬಿಗೆ ಹೋಗುವ ಮುಂಚೆ ಗುಬ್ಬಿ ಗ್ಯಾರೇಜಿಗೆ ಬಂದಳು. ನನ್ನ ಹತ್ತಿರ ಅಲ್ಲ, ಮೌನಿಯ ಹತ್ತಿರ. ತಾನೇ ನಟ್ಟನ್ನು ಮತ್ತೆ ಆರು ಸುತ್ತು ಬಿಚ್ಚಿದಳು. ಇನ್ನು ಪ್ರತಿ ವಾರ ಅರ್ಧ ಸುತ್ತು ಬಿಗಿ ಮಾಡುತ್ತೇನೆ, ಅಷ್ಟು ಗಾಳಿಗೆ ಕಾಲು ಪಳಗಿದ ಮೇಲೆ ಮತ್ತೆ ಅರ್ಧ ಎಂದಳು. ಹನ್ನೆರಡು ವಾರದ ಕೆಲಸ. ಮೌನಿ ತಲೆಯಾಡಿಸಿದ. ಪಕ್ಕದಲ್ಲಿ ಯಾರು ಕೂರುತ್ತಾರೆ ಎಂದು ನಾನು ಕೇಳಿದೆ. ಕುರ್ಚಿಯಿಂದ ಎದ್ದೇ ಕೇಳಿದೆ.

"ಅಮ್ಮ," ಅಂದಳು.

ಹಾಗೆ ಈಗ ಭಾನುವಾರ ಬೆಳಿಗ್ಗೆ, ತರಕಾರಿ ಸಗಟು ಮಾರುಕಟ್ಟೆಗೆ ರಜೆ ಇರುವಾಗ, ಲಾರಿಗಳು ನಿಲ್ಲುವ ಆ ದೊಡ್ಡ ಬಯಲಿಗೆ ಇವರಿಬ್ಬರೂ ಹೋಗುತ್ತಾರೆ. ನಾನೂ ಹೋಗುತ್ತೇನೆ, ಯಾರೂ ಕರೆದಿಲ್ಲ. ಖಾಲಿ ಆಯಿಲ್ ಡಬ್ಬಗಳನ್ನು ಸಾಲಾಗಿ ಇಟ್ಟು ತಿರುವು ಮಾಡಿಕೊಡುತ್ತೇನೆ. ಟೋಪಿ ಹಾಕಿಕೊಂಡು ಬಿಸಿಲಲ್ಲಿ ನಿಲ್ಲುತ್ತೇನೆ. ಮೊದಲ ವಾರ ತಂಗಿ ಕೈಚೀಲವನ್ನು ಎದೆಗೆ ಅವಚಿಕೊಂಡು, ಕಣ್ಣು ಮುಚ್ಚಿ, ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ ಕೂತಿದ್ದಳು. ಇಲ್ಲದ ಬ್ರೇಕನ್ನು ಒತ್ತೀ ಒತ್ತೀ ಸಂಜೆ ಮೀನಖಂಡ ಊದಿಕೊಂಡಿತ್ತು. ಎರಡನೆಯ ವಾರ ಒಂದು ಕಣ್ಣು ತೆರೆದಳು.

ನಿನ್ನೆ ಐದನೆಯ ವಾರ. ಮೂರನೆಯ ಡಬ್ಬದ ಹತ್ತಿರ ಹಿಂದಿನ ಚಕ್ರ ಜಾರಿತು. ಗುಬ್ಬಿ ಕಾಲನ್ನು ಕಿತ್ತುಕೊಳ್ಳಲಿಲ್ಲ, ಒತ್ತಲೂ ಇಲ್ಲ. ಸ್ವಲ್ಪವೇ ಸಡಿಲ ಬಿಟ್ಟು, ಸ್ಟಿಯರಿಂಗ್ ಎದುರು ತಿರುಗಿಸಿ ಕಾದಳು. ಕಾರು ತಾನಾಗಿ ನೆಟ್ಟಗಾಯಿತು. ಕಾದಿದ್ದನ್ನು ನಾನು ಕಣ್ಣಾರೆ ನೋಡಿದೆ. ಓಡಿಹೋಗಿ ಕಿಟಕಿಯ ಹತ್ತಿರ ಬಗ್ಗಿ ಹೇಳಬೇಕೆಂದು ಮಂಡಿ ನೋವಿನಲ್ಲೇ ಬಯಲಿನ ನಡುವಿಗೆ ಬಂದೆ. ಕಾರು ನಿಂತಿತು. ಗುಬ್ಬಿ ಮುಂದೆ ನೋಡುತ್ತಾ ಕೂತಿದ್ದಳು. ಗಾಜು ಇಳಿಸಿದವಳು ತಂಗಿ. ಬೆವರಿದ್ದಳು, ಕೂದಲು ಕೆದರಿತ್ತು.

"ಅಣ್ಣಾ, ಆಮೇಲೆ ಹೇಳುವಂತೆ, ದಾರಿ ಬಿಡು," ಅಂದಳು. "ಇನ್ನೊಂದು ಸುತ್ತು ಹೋಗ್ಬೇಕು ನಾವು."